ತಾಳ ತಂದ ಮ್ಯಾಟು

ಇವತ್ತು ಬೆಳಿಗ್ಗೆ ಅವಸರದಲ್ಲಿ ಕುಕ್ಕರನ್ನು ಒಲೆಯಿಂದ ಇಳಿಸಿ ಕೈಗೆ ಸಿಕ್ಕಿದ್ದರ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಬಿಸಿ ರಬ್ಬರಿನ ವಾಸನೆ ಅಡುಗೆಮನೆಯಲ್ಲೆಲ್ಲ ಎದ್ದಿತು. ಅದರ ಹಿಂದೆಯೇ ಬಾಟಲಿಯ ಬೂಚು ಸುಟ್ಟಂಥ ಇನ್ನೊಂದು ವಾಸನೆ... ಬಗ್ಗಿ ನೋಡಿದರೆ ತೊಗರಿಬೇಳೆಯ ಕುಕ್ಕರಿನ ಅಡಿಯಲ್ಲಿ ಕಾಕಾ ಕೊಟ್ಟ ಮ್ಯಾಟು.

ಮ್ಯಾಟು ಎಂದರೆ ಕಾಲೊರೆಸುವುದಲ್ಲ. ರಿಕಾರ್ಡ್ ಪ್ಲೇಯರಿನಲ್ಲಿ ತಿರುಗುವ ತಟ್ಟೆ ಇರುತ್ತದಲ್ಲ, ಅದರ ಮೇಲೆ ಇದನ್ನು ಹಾಸಿ, ಇದರ ಮೇಲೆ ರಿಕಾರ್ಡು ಇಡಬೇಕು. ಬೂಚಿನ ಪುಡಿಯನ್ನೂ ರಬ್ಬರನ್ನೂ ಕಲಸಿ ಮಾಡಿದ ದುಂಡನೆಯ ಹಾಸು, ಹೊರದೇಶದಿಂದ ತರಿಸಿದ್ದು. ಇದರ ಮೇಲೆ ಕೂತ ರಿಕಾರ್ಡು ಮೊದಲಿಗಿಂತ ಸ್ವಚ್ಛವಾಗಿ ಹಾಡುತ್ತದೆಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಹಾಡಿನ ಸಂಗತಿ ಆಮೇಲೆ ಹೇಳುತ್ತೇನೆ. ಬಿಸಿ ಕುಕ್ಕರಿನ ಕೆಳಗೆ ಮಾತ್ರ ಇದು ಪ್ರಾಮಾಣಿಕವಾಗಿ ಕೆಲಸ ಮಾಡುತ್ತದೆ.

ಆಳಂದಕ್ಕೆ ವರ್ಗವಾಗಿ ಬರುವ ಮೊದಲು ನಾನು ಜೇವರ್ಗಿಯ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕರನ್ನೇ ಕಾಕಾ ಎಂದು ಕರೆಯುತ್ತಿದ್ದೆ. ನಂಟೇನೂ ಇರಲಿಲ್ಲ. ಅವರು ಕೆಳಗಿನ ಮನೆಯಲ್ಲಿ, ನಾನು ಮೇಲಿನ ಮನೆಯಲ್ಲಿ. ಕಾಲುವೆ ಕಟ್ಟಿಸುವ ಇಂಜಿನಿಯರಾಗಿ ದುಡಿದು ನಿವೃತ್ತರಾಗಿದ್ದರು. ಅವರ ಹೆಂಡತಿ ಕಾಕು, ಯಡ್ರಾಮಿಯ ಕಡೆಯವರು, ಸಣ್ಣ ಆಳು. ದನಿಯೂ ಸಣ್ಣದು, ಎಳೆಯದು. ಒಬ್ಬಳೇ ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ಕಾಕಾ ಬೀದಿಯವರ ಜೊತೆ ನಗುನಗುತ್ತ ಮಾತಾಡುತ್ತಿದ್ದರು, ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ, ನಲ್ಲಿಯಲ್ಲಿ ನೀರು ಬಾರದಿದ್ದರೆ ತಾವೇ ನಟ್ಟು ತಿರುಗಿಸುವ ಪಾನಾ ಹಿಡಿದು ಮೇಲೆ ಬರುತ್ತಿದ್ದರು. ಅವರ ಕ್ರೌರ್ಯವೆಲ್ಲ ಒಬ್ಬರಿಗೇ ಮೀಸಲಾಗಿತ್ತು.

ಅವರ ಪಡಸಾಲೆಯಲ್ಲಿ ದೇವರ ಜಗಲಿಯ ಎದುರಿಗೆ ಒಂದು ಶಹಾಬಾದ ಫರಸಿ ಕಲ್ಲನ್ನು ಗೋಡೆಗೆ ಹೂತು ಕೂರಿಸಿದ್ದರು. ಅದರ ಮೇಲೆ ರಿಕಾರ್ಡ್ ಪ್ಲೇಯರು. ಮೇಸ್ತ್ರಿಗಳು ಗೋಡೆಗೆ ಹಿಡಿಯುವ ರಸಮಟ್ಟವನ್ನು ದಿನಾ ಅದರ ಮೇಲಿಟ್ಟು, ಗುಳ್ಳೆ ನಡುವೆ ನಿಂತಿದೆಯೇ ಎಂದು ನೋಡಿದ ಮೇಲೆಯೇ ಹಾಡು. ಅವರ ಬಳಿ ಬಹಳ ರಿಕಾರ್ಡುಗಳಿದ್ದವು. ಆದರೆ ಮಾತೆಲ್ಲ ಒಂದರದೇ. ಅದು ಅವರ ತಂದೆ ಕೊಂಡಿದ್ದ ಒಂದು ಭಜನೆಯ ರಿಕಾರ್ಡು. ಆ ಭಜನೆಯ ಅರ್ಧದ ನಂತರ, ಹಾಡುವವರ ಹಿಂದೆ ಎಲ್ಲೋ ದೂರದಲ್ಲಿ ಒಂದು ಜೋಡಿ ತಾಳ ಕಿಣಿಕಿಣಿ ಎಂದು ಶುರುವಾಗಿ, ಕೊನೆಯವರೆಗೂ ಹಾಗೇ ಸಣ್ಣಗೆ ನಡೆಯುತ್ತಿತ್ತು. ಚಿಕ್ಕವರಿದ್ದಾಗ ತಂದೆಯ ತೊಡೆಯ ಮೇಲೆ ಕೂತು ಆ ತಾಳಕ್ಕಾಗಿ ಕಾಯುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಕಾಕಾ ಮನುಷ್ಯರಂತೆ ಕಾಣುತ್ತಿದ್ದರು.

ನಾನು ಆ ಮನೆಗೆ ಹೋದ ವರ್ಷದ ದಸರೆ. ಖಂಡೇಪೂಜೆಯ ದಿನ ನಮ್ಮ ಕಡೆ ದುಡಿಯುವ ವಸ್ತುಗಳಿಗೆಲ್ಲ ವಿಭೂತಿ ಹಚ್ಚುತ್ತಾರೆ. ಕಾಕು ಕುಡಗೋಲಿಗೆ ಹಚ್ಚಿದರು, ಹೊಲಿಗೆ ಮಿಷನ್ನಿಗೆ ಹಚ್ಚಿದರು, ಮಿಕ್ಸರಿಗೆ ಹಚ್ಚಿದರು. ಈ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಯಾವುದು? ಪ್ಲೇಯರು. ಅದಕ್ಕೂ ಭಕ್ತಿಯಿಂದ ಮೂರು ಬೆರಳು ಎಳೆದರು. ಮುಚ್ಚಳ ತೆರೆದಿತ್ತು, ಒಳಗೆ ಆ ಭಜನೆಯ ರಿಕಾರ್ಡೇ ಇತ್ತು. ಒಣ ವಿಭೂತಿ ಅದರ ಮೇಲೆ ಉದುರಿತು. ಕಾಕು ಗಾಬರಿಯಾಗಿ ಸೆರಗಿನ ತುದಿ ಒದ್ದೆ ಮಾಡಿ ಒರೆಸಿಬಿಟ್ಟರು. ಹೊರಗೆ ಸ್ಕೂಟರಿನ ಪೂಜೆ ಮುಗಿಸಿ ಒಳಗೆ ಬಂದ ಕಾಕಾ ಹಾಕಿದ ಕೂಗಿಗೆ ನಾನು ಮೇಲಿನಿಂದ ಓಡಿಬಂದೆ.

ಕಾಕಾ ರಿಕಾರ್ಡನ್ನು ತೊಳೆದರು, ಒಣಗಿಸಿದರು, ಪ್ಲೇಯರಿನಲ್ಲಿ ಹಚ್ಚಿದರು. ಕಾಕುವೂ ನಾನೂ ಅಪರಾಧಿಗಳ ಹಾಗೆ ನಿಂತು ಕೇಳಿದೆವು. ಅರ್ಧ ಮುಗಿಯಿತು. ಕಾಕಾ ಪ್ಲೇಯರಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಕಾದರು. ಕಡೆಗೆ ಕಣ್ಣು ತೆರೆದು, "ತಾಳ ಹೋಯ್ತು," ಅಂದರು.

ನನಗೆ ತಾಳ ಕೇಳುತ್ತಿತ್ತು, ಕಿಣಿಕಿಣಿ ಎಂದು ಸ್ಪಷ್ಟವಾಗಿ. ಅದನ್ನೇ ಹೇಳಿದೆ. ಅವರು ನನ್ನತ್ತ ಕನಿಕರದಿಂದ ನೋಡಿ, "ಅಕ್ಕೋರೆ, ನೀವು ಮೊದಲಿನ ತಾಳ ಕೇಳಿಲ್ರಿ. ನಿಮಗ ಕೇಳಸ್ತಿರೋದು ಬ್ಯಾರೆ ಏನೋ ಅದ," ಅಂದರು. ಅವರ ಮನೆ, ಅವರ ರಿಕಾರ್ಡು, ಅವರ ತಂದೆಯ ನೆನಪು. ಬಾಡಿಗೆಯವಳು ವಾದ ಮಾಡುವುದು ಹೇಗೆ? ನಾನೂ ಹಾಗೇ ಇರಬಹುದೆಂದುಕೊಂಡು ಮೇಲೆ ಹೋದೆ.

ಅಲ್ಲಿಂದ ಶುರುವಾಯಿತು ನೋಡಿ, ಪಾರ್ಸಲ್ಲುಗಳ ಕಾಲ. ಮೊದಲು ಒಂದು ಕುಂಚ ಬಂತು. ಆಮೇಲೆ ತೊಳೆಯುವ ದ್ರವ. ಆಮೇಲೆ ರಿಕಾರ್ಡಿನ ನೆತ್ತಿಯ ಮೇಲೆ ಕೂರಿಸುವ ಹಿತ್ತಾಳೆಯ ಗುಂಡು. ಪ್ಲೇಯರಿಗೆ ನಾಲ್ಕು ಮೆತ್ತನೆಯ ಕಾಲು. ನನ್ನ ಹೆಬ್ಬೆರಳಿಗಿಂತ ದಪ್ಪದ ತಂತಿ. ಮತ್ತು ಮ್ಯಾಟುಗಳು... ಉಣ್ಣೆಯದು, ರಬ್ಬರಿನದು, ಗಾಜಿನ ಹಾಗೆ ಹೊಳೆಯುವ ಒಂದು, ಚರ್ಮದ ಒಂದು. ಚರ್ಮದ್ದು ಬಂದಾಗ ಕಾಕು ಒಂದೇ ಒಂದು ಮಾತು ಬೇಡಿಕೊಂಡರು: ಜಗಲಿಯ ಎದುರಿಗೆ ಅದನ್ನು ಇಡಬೇಡಿ ಎಂದು. ಕಾಕಾ ಕೇಳಿಸಿಕೊಂಡರೋ ಇಲ್ಲವೋ, ಅಲ್ಲೇ ಇಟ್ಟರು. ಕಾಕು ಅದು ಇದ್ದಷ್ಟು ದಿನ ಜಗಲಿಗೆ ಒಂದು ಪರದೆ ಕಟ್ಟಿಕೊಂಡು ಪೂಜೆ ಮಾಡಿದರು.

ಪ್ರತಿ ಪಾರ್ಸಲ್ಲಿಗೂ ಪಡಸಾಲೆಯಲ್ಲಿ ಕಚೇರಿ ಕೂಡುತ್ತಿತ್ತು. ಬೀದಿಯ ನಾಲ್ಕು ಜನ, ನಾನು, ಬಾಗಿಲಲ್ಲಿ ಕಾಕು. ಹಳೆಯ ಮ್ಯಾಟಿನ ಮೇಲೆ ಒಮ್ಮೆ ಹಚ್ಚುವುದು, ಹೊಸದರ ಮೇಲೆ ಒಮ್ಮೆ ಹಚ್ಚುವುದು. ಆಮೇಲೆ ಒಬ್ಬೊಬ್ಬರನ್ನೂ ಕೇಳುವುದು: ಫರಕ್ ಅದೇನ್ರಿ? ಜನ ಬಹಳ ಒಳ್ಳೆಯವರು. ಚಾ ಬರುವುದಿತ್ತು. "ಹೌದ್ರಿ ಸಾಹೇಬ್ರ, ಭಾಳ ಫರಕ್ ಅದ," ಎನ್ನುತ್ತಿದ್ದರು. ಒಬ್ಬರಂತೂ ಹಿತ್ತಾಳೆಯ ಗುಂಡು ಇಟ್ಟ ಮೇಲೆ ಹಾಡುವವರು ಎದುರಿಗೆ ಬಂದು ಕೂತ ಹಾಗಾಯಿತೆಂದು ಕೊರಳು ಹಿಡಿದು ಆಣೆ ಮಾಡಿದರು. ಕಾಕಾ ಮಾತ್ರ ತಲೆ ಅಲ್ಲಾಡಿಸುತ್ತಿದ್ದರು. ಅವರು ಕಾಯುತ್ತಿದ್ದ ತಾಳ ಬಂದಿರಲಿಲ್ಲ. ಕಡೆಗೆ ಬಾಗಿಲ ಕಡೆ ತಿರುಗಿ ಕಾಕುವನ್ನು ಕೇಳುತ್ತಿದ್ದರು. ಕಾಕುವಿನ ಉತ್ತರ ಯಾವಾಗಲೂ ಒಂದೇ.

"ನನಗೇನ್ ತಿಳೀತದ್ರಿ."

"ಕೆಡಿಸೋದೊಂದು ಬರೋಬ್ಬರಿ ತಿಳೀತದ ನಿನಗ," ಎನ್ನುತ್ತಿದ್ದರು ಕಾಕಾ. ನಾಲ್ಕು ಜನ ಚಾ ಕುಡಿಯುತ್ತ ನಗುತ್ತಿದ್ದರು.

ಹಾಗಾದರೆ ಫರಕ್ ಇರುತ್ತಲೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಸುಳ್ಳು ಯಾಕೆ ಹೇಳಲಿ, ಕೆಲವು ಸಲ ಇರುತ್ತಿತ್ತು. ಉಣ್ಣೆಯದು ತೆಗೆದು ರಬ್ಬರಿನದು ಹಾಸಿದಾಗ ಅಡಿಯಲ್ಲಿ ಗುಂಯ್ ಎನ್ನುವುದು ಸ್ವಲ್ಪ ತಗ್ಗಿದ ಹಾಗೆ ನನಗೂ ಅನ್ನಿಸಿತ್ತು. ಬೇಸಿಗೆಯಲ್ಲಿ ಉಣ್ಣೆಯ ಮ್ಯಾಟು ರಿಕಾರ್ಡಿಗೆ ಅಂಟಿಕೊಂಡು ಮೇಲೆದ್ದು ಬರುತ್ತಿತ್ತು, ಧೂಳು ಎಳೆಯುತ್ತಿತ್ತು, ಚಟಚಟ ಸದ್ದು ಮಾಡುತ್ತಿತ್ತು. ದಪ್ಪ ತಂತಿಯಿಂದ ನನಗೆ ಕೂದಲೆಳೆಯಷ್ಟೂ ಫರಕ್ ಕೇಳಲಿಲ್ಲ. ಹಿತ್ತಾಳೆ ಗುಂಡು ನೋಡಲಿಕ್ಕೆ ಚೆಂದ, ಅಷ್ಟೇ. ಇಷ್ಟು ಖರ್ಚು ಮಾಡಿದ್ದಾರೆ ಅಂದ ಮೇಲೆ ಏನೋ ಒಂದು ಆಗಲೇಬೇಕೆಂದು ಕಿವಿಯೇ ಹುಡುಕಿ ಹುಡುಕಿ ಕೇಳಿಸಿಕೊಳ್ಳುತ್ತದೆ. ಆದರೆ ತಾಳ ಮಾತ್ರ ಯಾವ ಮ್ಯಾಟಿನ ಮೇಲೂ ನನಗೆ ಒಂದೇ ಥರ ಕೇಳುತ್ತಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ.

ಸಂಗತಿ ಏನೆಂದು ನನಗೆ ತಿಳಿದದ್ದು ಗುಬ್ಬಿಗಳಿಂದ. ಒಂದು ಸಂಜೆ ಕಾಕಾ ಅಂಗಳದ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಮೊಬೈಲ್ ಟವರುಗಳು ಬಂದು ಜೇವರ್ಗಿಯಲ್ಲಿ ಒಂದು ಗುಬ್ಬಿಯೂ ಉಳಿಯಲಿಲ್ಲವೆಂದು ನನಗೆ ದೊಡ್ಡ ಭಾಷಣ ಮಾಡಿದರು. ಅವರ ನೆತ್ತಿಯ ಮೇಲೆ, ಎಲೆಗಳ ಮರೆಯಲ್ಲಿ, ಸಂತೆ ನೆರೆದಷ್ಟು ಗುಬ್ಬಿಗಳು ಕಿರುಚಾಡುತ್ತಿದ್ದವು. ನಾನು ಮೇಲೆ ನೋಡಿದೆ, ಅವರನ್ನು ನೋಡಿದೆ. ಆಮೇಲೆ ಒಂದೊಂದೇ ನೆನಪಾಯಿತು. ಹಾಲಿನವನ ಸೈಕಲ್ಲಿನ ಗಂಟೆಗೆ ಅವರು ಏಳುತ್ತಿರಲಿಲ್ಲ. ಗಂಡಸರ ಮಾತಿಗೂ, ಪಾಠ ಹೇಳಿ ಹೇಳಿ ಗಟ್ಟಿಯಾದ ನನ್ನ ದನಿಗೂ ಸರಿಯಾಗಿ ಉತ್ತರ ಕೊಡುತ್ತಿದ್ದವರು ಕಾಕು ಏನು ಹೇಳಿದರೂ ಏನು, ಏನು ಎನ್ನುತ್ತಿದ್ದರು. ಬಾಯಲ್ಲಿ ಏನು ಇಟ್ಟುಕೊಂಡು ಮಾತಾಡುತ್ತೀ ಎಂದು ಸಿಡುಕುತ್ತಿದ್ದರು. ಈಚೆಗೆ ಅದನ್ನೂ ಬಿಟ್ಟು, ಕೈಸನ್ನೆಯಲ್ಲೇ ಮುಗಿಸುತ್ತಿದ್ದರು. ಸಣ್ಣ ದನಿಗಳೆಲ್ಲ ಅವರ ಕಿವಿಯಿಂದ ಒಂದೊಂದಾಗಿ ಎದ್ದು ಹೋಗಿದ್ದವು. ತಾಳ ಆ ದಸರೆಗಿಂತ ಮೊದಲೇ ಹೋಗಿರಬೇಕು, ಇದೆಯೆಂಬ ನಂಬಿಕೆಯಲ್ಲಿ ಅದನ್ನು ನೆನಪಿನಿಂದಲೇ ಕೇಳಿಸಿಕೊಂಡಿದ್ದರು. ತಾಳವೂ ಹೋಯಿತು, ಕಾಕುವಿನ ದನಿಯೂ ಹೋಯಿತು. ತಾಳವನ್ನು ದೇಶ ವಿದೇಶಗಳಲ್ಲಿ ಹುಡುಕಿಸಿದರು. ಇನ್ನೊಂದು ಕಳೆದದ್ದೇ ಅವರಿಗೆ ಗೊತ್ತಿರಲಿಲ್ಲ.

ಕಾಕುವಿಗೆ ಇದನ್ನು ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಎಸೆದು, "ನಾ ಒರೆಸಿದ್ದಕ್ಕ ಹೋಗಿಲ್ಲಂತೀ ಹಂಗಾರ?" ಅಂದರು. ಅಷ್ಟು ದಿನ ಆಕೆ ತಾನೇ ಕೆಡಿಸಿದ್ದೆಂದು ಖರೇನೇ ನಂಬಿದ್ದರೆಂದು ನನಗೆ ಆಗ ಗೊತ್ತಾಯಿತು. ಮಾವನವರು ಕೊಂಡ ರಿಕಾರ್ಡನ್ನು, ಅದೂ ವಿಭೂತಿಯಿಂದ...

ಅಫಜಲಪುರದ ಬೀಗರು ಬಂದ ದಿನವನ್ನು ನಾನು ಮರೆಯುವುದಿಲ್ಲ. ಮಗಳ ಅತ್ತೆ, ಮಾವ, ಜೊತೆಗೆ ಮಗಳು. ಬೀಗರ ಮುಂದೆ ಹೆಣ್ಣಿನ ತಾಯಿ ಎಷ್ಟು ಜೋಪಾನವಾಗಿ ನಡೆಯುತ್ತಾಳೆ, ನಮಗೆಲ್ಲ ಗೊತ್ತು. ಕಾಕು ಎರಡು ದಿನ ಮೊದಲೇ ಹೋಳಿಗೆಗೆ ಹೂರಣದ ತಯಾರಿ ನಡೆಸಿದ್ದರು. ಊಟವಾದ ಮೇಲೆ ಕಾಕಾ ಎಲ್ಲರನ್ನೂ ಫರಸಿಯ ಮುಂದೆ ಕೂರಿಸಿ ಭಜನೆ ಹಚ್ಚಿದರು. ಅರ್ಧ ಮುಗಿದ ಕೂಡಲೇ ಬೆರಳೆತ್ತಿ ಎಲ್ಲರನ್ನೂ ನಿಲ್ಲಿಸಿ ಹೇಳಿದರು:

"ಇಲ್ಲಿ ತಾಳ ಇತ್ತ್ರಿ ಬೀಗರ. ನಮ್ಮನಿಯಾಕಿ ವಿಭೂತಿ ಹಚ್ಚಿ ಮಣ್ಣು ಮಾಡ್ಯಾಳ."

ಸತ್ತವರಿಗೆ ಹೇಳುವ ಮಾತು ಅದು. ಬೀಗರು ನಗಬೇಕೋ ಬೇಡವೋ ತಿಳಿಯದೆ ಗೋಡೆ ನೋಡಿದರು. ಬೀಗತಿ ಮಾತ್ರ, ದನಿ ಸಣ್ಣದಾದರೂ, ಗಟ್ಟಿ ಹೆಂಗಸು. ತಾಳ ತನಗೆ ಕೇಳುತ್ತಿದೆಯೆಂದು ಕಾಕಾಗೆ ಒಂದು ಸಲ ಹೇಳಿದರು, ಎರಡು ಸಲ ಹೇಳಿದರು, ಕಾಕಾ ಏನು ಎಂದು ಕೇಳುತ್ತಲೇ ಇದ್ದರು. ಆಕೆ ಸೊಸೆಯ ಕಡೆ ತಿರುಗಿ, ನಿಮ್ಮಪ್ಪನ ಕಿವಿ ತೋರಿಸು ಎಂದು ಎಲ್ಲರೆದುರೇ ಹೇಳಿಬಿಟ್ಟರು. ಮಗಳು ನಾಚಿಕೆಯಿಂದ ಕೆಂಪಾದಳು. ಅಡುಗೆಮನೆಯಲ್ಲಿ ಕಾಕು ಎಂಜಲು ತಟ್ಟೆಗಳನ್ನು ತೊಳೆಯುತ್ತಿದ್ದರು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ.

ಬೀಗತಿಯ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ಮಗಳು ಅಪ್ಪನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿದಳು, ಕಿವಿಗೆ ಮಿಷನ್ನು ಬಂತು. ಅದೇ ವಾರ ಬೂಚು ಮತ್ತು ರಬ್ಬರಿನ ಈ ಮ್ಯಾಟೂ ಬಂತು. ಎರಡೂ ಒಟ್ಟಿಗೆ ಬಂದದ್ದೇ ಅನರ್ಥಕ್ಕೆ ಕಾರಣ. ಭಾನುವಾರ ಮಧ್ಯಾಹ್ನ ಕಾಕಾ ಕೆಳಗಿನಿಂದ ಕೂಗಿದರು, "ಅಕ್ಕೋರೆ! ಬರ್ರಿ, ಓಡಿ ಬರ್ರಿ!" ನಾನು ಇಳಿದು ಹೋದಾಗ ಅವರು ಫರಸಿ ಹಿಡಿದುಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತಾಳ ಬಂದಿತ್ತು. ಅಷ್ಟು ವರ್ಷಗಳ ಮೇಲೆ, ತಂದೆಯ ತೊಡೆಯ ಮೇಲೆ ಕೇಳಿದ ಅದೇ ಕಿಣಿಕಿಣಿ... ಸುಳ್ಳು ಹೇಳುವುದಿಲ್ಲ, ನನಗೂ ಒಂದು ಗಳಿಗೆ ಅವರ ಮೇಲಿನ ಸಿಟ್ಟು ಇಳಿಯಿತು.

ಆಗ ಅವರು ಬಾಗಿಲಲ್ಲಿದ್ದ ಕಾಕುವಿನ ಕಡೆ ತಿರುಗಿ, "ನೋಡು, ನೀ ಕೆಡಿಸಿದ್ದನ್ನ ಈ ಮ್ಯಾಟು ಸುಧಾರಿಸ್ತು," ಅಂದರು.

ನನ್ನ ಸಿಟ್ಟು ಮರಳಿ ಬಂತು. "ಕಾಕಾ, ಹಳೇ ಮ್ಯಾಟ್ ಹಾಸಿ ಕೇಳ್ರಿ," ಅಂದೆ. ಪರೀಕ್ಷೆ ಎಂದರೆ ಅವರಿಗೆ ಹುರುಪು. ಹೊಸದು ತೆಗೆದು ಹಳೆಯ ಉಣ್ಣೆಯದು ಹಾಸಿದರು. ಮುಳ್ಳು ಇಳಿಸಿದರು. ತಾಳ ಬಂತು. ಅದನ್ನೂ ತೆಗೆದು ಬರೀ ತಟ್ಟೆಯ ಮೇಲೆ ಇಡಿಸಿದೆ. ತಾಳ ಬಂತು. ಆಮೇಲೆ ನಾನು ಬಿಡಿಸಿ ಹೇಳಿದೆ: ಮ್ಯಾಟಿನಿಂದ ಅಲ್ಲರಿ, ಮಿಷನ್ನಿನಿಂದ. ರಿಕಾರ್ಡಿಗೆ ಏನೂ ಆಗಿಲ್ಲ, ಕಾಕು ಏನೂ ಕೆಡಿಸಿಲ್ಲ. ಕೆಟ್ಟದ್ದು ನಿಮ್ಮ ಕಿವಿ.

ಕಾಕಾ ಆ ತಿರುಗುವ ತಟ್ಟೆಯನ್ನೇ ನೋಡಿದರು. ಅವರಿಗೆ ತಿಳಿಯಿತು. ತಿಳಿಯಲಿಲ್ಲವೆಂದು ನಾನು ಹೇಳಲಾರೆ, ಮುಖದಲ್ಲಿ ಕಂಡಿತು. ಆಮೇಲೆ ನಿಧಾನವಾಗಿ ಕೈಯೆತ್ತಿ ಕಿವಿಯ ಮಿಷನ್ನು ತೆಗೆದರು, ಡಬ್ಬಿಯಲ್ಲಿಟ್ಟು ಮುಚ್ಚಿದರು, ಮುಳ್ಳನ್ನು ಮತ್ತೆ ಇಳಿಸಿ ಕಣ್ಣು ಮುಚ್ಚಿ ಕೇಳಿದರು.

"ಇಲ್ಲ," ಅಂದರು. "ತಾಳ ಇಲ್ಲ. ಆಕಿ ಕೆಡಿಸಿದ್ದು ಕೆಡಿಸಿದ್ದೇ ಅದ."

ತಮ್ಮದು ತಪ್ಪು ಎನ್ನುವುದಕ್ಕಿಂತ ಕಿವುಡರಾಗಿರುವುದೇ ವಾಸಿಯೆಂದು ಒಬ್ಬ ಓದಿದ ಗಂಡಸು ನಿರ್ಧಾರ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಒಳಗೆ ಬಂದರು. ಡಬ್ಬಿ ತೆರೆದರು. ಮಗುವಿಗೆ ಹಾಕಿದ ಹಾಗೆ ಮಿಷನ್ನನ್ನು ಗಂಡನ ಕಿವಿಗೆ ಹಾಕಿದರು. ಹೊಸ ಮ್ಯಾಟನ್ನು ತಟ್ಟೆಯ ಮೇಲೆ ಹಾಸಿ, ರಿಕಾರ್ಡು ಇಟ್ಟು, ಅವರ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು:

"ಮ್ಯಾಟಿನಿಂದಾನೇ ಬಂದದ್ರಿ ತಾಳ. ಕೆಡಿಸಿದಾಕಿ ನಾನೇ."

ಕಾಕಾ ತಲೆಯಾಡಿಸಿದರು. ಮಿಷನ್ನು ಕಿವಿಯಲ್ಲೇ ಉಳಿಯಿತು. ನಾನು ಕಾಕುವಿನ ಹಿಂದೆಯೇ ಅಡುಗೆಮನೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವರು ನನ್ನ ಕೈಗೆ ಚಾದ ಬಟ್ಟಲು ಕೊಟ್ಟು, "ಗಪ್ ಇರು ಬೇ ತಂಗಿ," ಅಂದರು. "ಮಿಷನ್ ಕಿವ್ಯಾಗ ಇದ್ರ ನಾ ಕರೆದಾಗ ಓ ಅಂತಾರ. ತಪ್ಪು ನಂದೇ ಇರಲಿ ತಗೋ, ಅದರಿಂದ ನನಗೇನ್ ಕಡಿಮಿ ಆಗ್ತದ?"

ಹೀಗೆ ತನ್ನ ಒಳ್ಳೆಯ ಹೆಸರು ಕೊಟ್ಟು ಆಕೆ ಕೊಂಡದ್ದೇನು ಕೇಳಿ. ಕಾಕಾ ಮಿಷನ್ನನ್ನು ರಿಕಾರ್ಡು ಹಚ್ಚುವ ಮೊದಲು ಹಾಕಿಕೊಳ್ಳುತ್ತಿದ್ದರು. ರಿಕಾರ್ಡು ಮುಗಿದ ಕೂಡಲೇ ತೆಗೆದು ಡಬ್ಬಿಯಲ್ಲಿಡುತ್ತಿದ್ದರು. ಬರೀ ಮಾತಿಗೆ ಸೆಲ್ ಯಾಕೆ ಖರ್ಚು ಮಾಡಬೇಕು ಎನ್ನುತ್ತಿದ್ದರು.

ಮರುವರ್ಷ ಕಾಕುವಿಗೆ ಕಾಮಾಲೆಯಾಯಿತು. ಕಲಬುರಗಿಗೆ ಒಯ್ದು ತಂದರು, ಜಿಡಗಾದ ಮಠಕ್ಕೆ ಹರಕೆ ಹೊತ್ತರು. ಒಳಕೋಣೆಯಲ್ಲಿ ಮಲಗಿ ರೀ, ನೀರು... ಎಂದು ಅವರು ಕರೆಯುವುದು ಮೇಲಿನ ಮನೆಯಲ್ಲಿ ನನಗೆ ಕೇಳುತ್ತಿತ್ತು. ಕೆಳಗೆ ಹೋದರೆ ಕಾಕಾ ಪಡಸಾಲೆಯಲ್ಲಿ, ಅವರಿಗಿಂತ ಒಂದು ಗೋಡೆಯಾಚೆ, ಉಣ್ಣೆಯ ಬಟ್ಟೆಯಿಂದ ಹಿತ್ತಾಳೆ ಗುಂಡನ್ನು ತಿಕ್ಕುತ್ತ ಕೂತಿರುತ್ತಿದ್ದರು. ಮಿಷನ್ನು ಡಬ್ಬಿಯಲ್ಲಿ. ನೀರು ನಾನು ಕುಡಿಸುತ್ತಿದ್ದೆ. ನೀರು ಕುಡಿದು ಕಾಕು, ಅವರು ಉಂಡರೇನು ಎಂದು ಕೇಳುತ್ತಿದ್ದರು. ನನಗೆ ಆ ಗಂಡನಿಗಿಂತ ಹೆಚ್ಚು ಸಿಟ್ಟು ಈ ಹೆಂಡತಿಯ ಮೇಲೆ ಬರುತ್ತಿತ್ತು. ಹೋಳಿಹುಣ್ಣಿವೆಗೆ ಮೊದಲೇ ಕಾಕು ತೀರಿಕೊಂಡರು. ವಿಭೂತಿ ಹಚ್ಚಿ ಮಣ್ಣು ಮಾಡಿದರು.

ಆ ಬೇಸಿಗೆಯಲ್ಲೇ ನನಗೆ ಆಳಂದಕ್ಕೆ ವರ್ಗವಾಯಿತು. ಟೆಂಪೋಕ್ಕೆ ಸಾಮಾನು ಹೇರುತ್ತಿದ್ದಾಗ ಕಾಕಾ ಮೆಟ್ಟಿಲು ಹತ್ತಿ ಮೇಲೆ ಬಂದರು. ಕೈಯಲ್ಲಿ ಪೇಪರು ಸುತ್ತಿದ ಈ ಮ್ಯಾಟು. ನನಗೆ ಆಶ್ಚರ್ಯವಾದದ್ದು ಅದಕ್ಕಲ್ಲ. ಕೆಳಗೆ ರಿಕಾರ್ಡು ಹಚ್ಚಿರಲಿಲ್ಲ, ಆದರೂ ಮಿಷನ್ನು ಕಿವಿಯಲ್ಲಿತ್ತು. "ಇದು ನಿಮ್ಮ ಕಡೆ ಇರಲಿ. ನನಗಿನ್ನ ಬ್ಯಾಡ," ಅಂದರು. ಖಾಲಿ ಕೋಣೆಯ ಕಿಟಕಿಯ ಮೇಲೆ ಅದನ್ನಿಟ್ಟರು. ಆಮೇಲೆ ಕೇಳಿದರು:

"ಅಕ್ಕೋರೆ, ಆಕೀ ಧ್ವನಿ ಹೆಂಗಿತ್ರಿ? ಮೊದಲಿಂದು ನೆನಪಿಗೆ ಬರಾಂಗಿಲ್ಲ. ಈ ಮಿಷನ್ದಾಗ ಕೇಳಿದ್ದು ಒಂದೇ ಮಾತು... ಆವತ್ತು, ಕೆಡಿಸಿದಾಕಿ ನಾನೇ ಅಂದದ್ದು. ಉಳಿದ ಮಾತಿನಾಗ ಹೆಂಗಿತ್ತು?"

ನನಗೆ ಗೊತ್ತಿತ್ತು. ರೀ ಎನ್ನುವಾಗ ಕೊನೆಯಲ್ಲಿ ಒಂಚೂರು ಮೇಲೇಳುತ್ತಿದ್ದದ್ದು, ನಗುವಾಗ ಮಾತು ಅರ್ಧಕ್ಕೇ ನಿಂತುಹೋಗುತ್ತಿದ್ದದ್ದು, ನೀರು ಕೇಳುವಾಗ ಎಲ್ಲಿ ಯಾರಿಗೆ ತೊಂದರೆಯಾಗುತ್ತದೋ ಎನ್ನುವ ಹಾಗೆ ತಗ್ಗುತ್ತಿದ್ದದ್ದು, ಎಲ್ಲ ಗೊತ್ತಿತ್ತು. ಒಂದೆರಡು ಮಾತಿನಲ್ಲಿ ಹೇಳಬಹುದಿತ್ತು. ಮುದುಕರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ನನಗೇನ್ ತಿಳೀತದ್ರಿ," ಅಂದೆ.

ಅವರು ಕಿವಿಯ ಮಿಷನ್ನನ್ನು ಮುಟ್ಟಿ ನೋಡಿಕೊಂಡರು. ಸರಿಯಾಗಿಯೇ ಇತ್ತು. ಮೆಟ್ಟಿಲ ಸರಳು ಹಿಡಿದು ನಿಧಾನವಾಗಿ ಇಳಿದು ಹೋದರು.

ಹೇಳಬೇಕಿತ್ತೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಹೋದ ವರ್ಷ ಅವರೂ ತೀರಿಕೊಂಡರೆಂದು ಮಗಳು ಅಫಜಲಪುರದಿಂದ ಫೋನು ಮಾಡಿದ್ದಳು. ಕೇಳುವವರು ಈಗ ಯಾರೂ ಉಳಿದಿಲ್ಲ. ಕುಕ್ಕರು ಎತ್ತಿ ನೋಡಿದೆ. ಮ್ಯಾಟಿನ ಮೇಲೆ ಕಪ್ಪಗೆ ದುಂಡನೆಯ ಬರೆ ಎದ್ದಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಕಾಕು ಕರೆಯುತ್ತಿದ್ದ ಹಾಗೆ ಒಂದು ಸಲ ರೀ ಎಂದು ಅಂದುಕೊಂಡು ನೋಡಿದೆ. ನನ್ನ ದನಿಯೇ ಬಂತು. ಗಪ್ ಇರು ಬೇ ತಂಗಿ, ಅಂದುಕೊಂಡೆ. ಅದೂ ನನ್ನದೇ. ಆಕೆ ಆಡಿದ ಮಾತೆಲ್ಲ ನೆನಪಿದೆ... ದನಿ ಮಾತ್ರ, ಎಷ್ಟು ಹುಡುಕಿದರೂ, ನನಗೂ ಬರುತ್ತಿಲ್ಲ.